ಮೂಳೆ ತಿನ್ನುವ ಗಡ್ಡೆ ನಿಲ್ಲುವ ಜಾಗ

ಆಸ್ಟಿಯೋಸಾರ್ಕೋಮಾ ಅಂತ ಒಂದು ಮೂಳೆ ಕ್ಯಾನ್ಸರ್ ಇದೆ. ಹೆಚ್ಚಾಗಿ ಹದಿಹರೆಯದವರ ಮೊಣಕಾಲಿನ ಹತ್ತಿರ ಶುರುವಾಗಿ, ರಕ್ತದ ಜೊತೆ ಹರಿದು ಶ್ವಾಸಕೋಶ ಸೇರುವ ಪೀಡೆ. ಇದರ ಬಗ್ಗೆ ಓದುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಗಟ್ಟಿ ಮೂಳೆಯನ್ನೇ ತಿಂದುಹಾಕುವ ಈ ಗಡ್ಡೆ, ಕೀಲಿನ ಮೆತ್ತನೆಯ ಮೃದ್ವಸ್ಥಿಯ ಹತ್ತಿರ ಬಂದಾಗ ಸಾಮಾನ್ಯವಾಗಿ ನಿಂತುಬಿಡುತ್ತದೆ! (ಕಿವಿ ಮುಟ್ಟಿ ನೋಡಿಕೊಳ್ಳಿ, ಒಳಗೆ ಬಾಗುತ್ತದಲ್ಲ, ಅದೂ ಮೃದ್ವಸ್ಥಿಯೇ.) ಅದರಲ್ಲಿ ರಕ್ತನಾಳಗಳೇ ಇಲ್ಲ.

ಇದರ ಅರ್ಥ ತಿಳಿಯಬೇಕಾದರೆ ಜೂಡಾ ಫೋಕ್‌ಮನ್ ಎಂಬ ಅಮೆರಿಕನ್ ಸರ್ಜನ್ ಕಥೆ ಕೇಳಬೇಕು. 1960ರ ದಶಕದ ಮೊದಲಲ್ಲಿ, ನೌಕಾಪಡೆಯ ಪ್ರಯೋಗಾಲಯದಲ್ಲಿ ಅವರು ಮತ್ತು ಫ್ರೆಡರಿಕ್ ಬೆಕರ್, ದೇಹದಿಂದ ಹೊರತೆಗೆದ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಬೆಳೆಸಿದರು. ಗಡ್ಡೆಗಳು ಒಂದೆರಡು ಮಿಲಿಮೀಟರ್ ಬೆಳೆದು ನಿಂತವು. ಅವನ್ನೇ ಇಲಿಯೊಳಗೆ ಇಟ್ಟರೆ ಭರ್ಜರಿಯಾಗಿ ಬೆಳೆದವು. ಇಲಿಯಲ್ಲಿ ಅವಕ್ಕೆ ಹೊಸ ರಕ್ತನಾಳಗಳು ಸಿಕ್ಕಿದ್ದವು. 1971ರಲ್ಲಿ ಫೋಕ್‌ಮನ್ ಬರೆದರು: ಗಡ್ಡೆ ಏನೋ ಒಂದನ್ನು ಹೊರಬಿಟ್ಟು ಅಕ್ಕಪಕ್ಕದ ನಾಳಗಳನ್ನು ತನ್ನ ಕಡೆ ಬೆಳೆಸಿಕೊಳ್ಳುತ್ತದೆ, ಅದನ್ನು ತಡೆದರೆ ಗಡ್ಡೆಯೂ ಬೆಳೆಯಲಾರದು. ಬಹಳ ಜನ ನಂಬಲಿಲ್ಲ.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. 1974ರಲ್ಲಿ ರಾಬರ್ಟ್ ಲ್ಯಾಂಗರ್ ಎಂಬ ಕೆಮಿಕಲ್ ಇಂಜಿನಿಯರ್ ಇವರ ಲ್ಯಾಬ್ ಸೇರಿದರು. ಓರಗೆಯವರೆಲ್ಲ ತೈಲ ಕಂಪನಿಗಳ ಕಡೆ ಮುಖ ಮಾಡಿದ್ದ ಕಾಲ. ಈ ಪುಣ್ಯಾತ್ಮ ಕಸಾಯಿಖಾನೆಯಿಂದ ದನದ ಎಲುಬು ತಂದು ಮೃದ್ವಸ್ಥಿ ಕೆರೆಯುತ್ತ ಕೂತರು! ಅದರ ಸಾರವನ್ನು ಮೊಲದ ಕಣ್ಣಿನಲ್ಲಿ ಗಡ್ಡೆಯ ಪಕ್ಕ ಇಟ್ಟು ನೋಡಿದರೆ, ನಾಳಗಳ ಬೆಳವಣಿಗೆ ಕುಂಠಿತವಾಯಿತು. ಇದು ಪ್ರಕಟವಾದದ್ದು 1976ರಲ್ಲಿ.

ತಮಾಷೆ ನೋಡಿ, ನಾಳ ಬೆಳೆಸುವ ಪ್ರೋಟೀನನ್ನು ಗಡ್ಡೆಯಿಂದ ಶುದ್ಧವಾಗಿ ಬೇರ್ಪಡಿಸಿ 1984ರಲ್ಲಿ ಇದೇ ಗುಂಪು ವರದಿ ಮಾಡಿದಾಗ, ಅದು ಸಿಕ್ಕಿದ್ದು ಇಲಿಯ ಮೃದ್ವಸ್ಥಿಯ ಕ್ಯಾನ್ಸರಿನಲ್ಲಿ. ನಾಳಗಳನ್ನು ದೂರವಿಡುವ ಅಂಗಾಂಶವೇ ಕೆಟ್ಟಾಗ ನಾಳಗಳನ್ನು ಕರೆಯತೊಡಗಿತ್ತು.

ಆಸ್ಟಿಯೋಸಾರ್ಕೋಮಾ ಕರೆಯುವುದೂ ಹೀಗೆಯೇ. ಗಡ್ಡೆಯ ನಡುವಿನ ಜೀವಕೋಶಗಳಿಗೆ ಆಮ್ಲಜನಕ ಸಾಲದಾದಾಗ ಅವು ವಿಇಜಿಎಫ್ ಎಂಬ ಪ್ರೋಟೀನ್ ಬಿಡುತ್ತವೆ. ಬೆಳೆದು ಬರುವ ನಾಳಗಳು ಸೋರುವಂಥವು, ಅಂಕುಡೊಂಕಾದವು. ಊಟ ಬಂದ ದಾರಿಯಲ್ಲೇ ಕ್ಯಾನ್ಸರ್ ಶ್ವಾಸಕೋಶಕ್ಕೆ ಹೊರಡುತ್ತದೆ.

ವಿಇಜಿಎಫ್ ತಡೆಯುವ ಬೆವಾಸಿಜುಮಾಬ್‌ಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಕರುಳಿನ ಕ್ಯಾನ್ಸರಿಗೆ. ಫೋಕ್‌ಮನ್ 2008ರಲ್ಲಿ ತೀರಿಕೊಂಡರು. ಹರಡಿದ ಆಸ್ಟಿಯೋಸಾರ್ಕೋಮಾಕ್ಕೆ ರೆಗೊರಾಫೆನಿಬ್ ಕೊಟ್ಟು ನೋಡಿದ 2019ರ ಪ್ರಯೋಗದಲ್ಲಿ ರೋಗ ಕೆಲವು ತಿಂಗಳು ತಡವಾಗಿ ಮುಂದುವರಿಯಿತು, ವಾಸಿಯಾಗಲಿಲ್ಲ. ಒಂದು ದಾರಿ ಮುಚ್ಚಿದರೆ ಗಡ್ಡೆ ಇನ್ನೊಂದು ಹುಡುಕುತ್ತದೆ. ಆ ಮಕ್ಕಳಿಗೆ ಮೊದಲ ಚಿಕಿತ್ಸೆ ಈಗಲೂ ಆಪರೇಷನ್ ಮತ್ತು ದಶಕಗಳಷ್ಟು ಹಳೆಯ ಕೀಮೋ ಔಷಧಿಗಳೇ.