ಹೊಸಬರನ್ನು ಸೇರಿಸಿಕೊಳ್ಳದ ಸಂಘ

(1/7)
ಯಾವ ಸಂಘವೇ ಆಗಲಿ, ಹೊಸ ಸದಸ್ಯರು ಬೇಕು ಅಂತ ಒದ್ದಾಡುತ್ತೆ. ಕಾಲೇಜಿನ ಕನ್ನಡ ಸಂಘ, ಬೀದಿಯ ಗಣಪತಿ ಸಮಿತಿ, ಭಾನುವಾರದ ಕ್ರಿಕೆಟ್ ಟೀಮು, ಎಲ್ಲರಿಗೂ ಅದೇ ಚಿಂತೆ. ಇವತ್ತಿನ ಕಥೆಯ ಸಂಘಕ್ಕೆ ಆ ಚಿಂತೆಯೇ ಇರಲಿಲ್ಲ. 1861ರ ಏಪ್ರಿಲ್ 12ರಿಂದ 1865ರ ಏಪ್ರಿಲ್ 9ರ ಒಳಗೆ ಅಮೆರಿಕದ ಕೇಂದ್ರ ಸರ್ಕಾರದ ಪರ ಸೈನ್ಯದಲ್ಲೋ ನೌಕಾಪಡೆಯಲ್ಲೋ ಇದ್ದು, ಗೌರವದಿಂದ ಬಿಡುಗಡೆ ಆದವರಿಗೆ ಮಾತ್ರ ಪ್ರವೇಶ. ಸದಸ್ಯನ ಮಗನೇ ಬಂದು ಬಾಗಿಲು ತಟ್ಟಿದರೂ ಇಲ್ಲ. ಅಂದ್ರೆ ಸಂಘ ಹುಟ್ಟಿದ ದಿನವೇ ಅದರ ಆಯಸ್ಸೂ ನಿಗದಿಯಾಗಿತ್ತು.

ಹೆಸರು ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್. ಚಿಕ್ಕದಾಗಿ ಜಿಎಆರ್. ಹೆಸರಲ್ಲಿ ಆರ್ಮಿ ಇದ್ದರೂ ಇದು ಸೈನ್ಯ ಅಲ್ಲ, ಅಮೆರಿಕದ ಅಂತರ್ಯುದ್ಧ ಮುಗಿಸಿ ಮನೆಗೆ ಬಂದ ಮಾಜಿ ಸೈನಿಕರ ಸಂಘ. ಯುದ್ಧದ ಬಗ್ಗೆ ಸಾವಿರ ರೀಲ್ಸ್ ಇವೆ. ಯುದ್ಧ ಮುಗಿದ ಮೇಲೆ ಆ ಹುಡುಗರು ಏನಾದರು ಅನ್ನೋದನ್ನ ಕೇಳೋರು ಕಮ್ಮಿ. ಈ ಸರಣಿ ಅವರ ಬಗ್ಗೆ.

(2/7)
ಮೊದಲು ಪರಿಸ್ಥಿತಿ ನೋಡೋಣ. ಉತ್ತರದ ಪರವಾಗಿ ಸುಮಾರು 20 ಲಕ್ಷಕ್ಕೂ ಹೆಚ್ಚು ಜನ ಸಮವಸ್ತ್ರ ತೊಟ್ಟಿದ್ದರು. ಅದರಲ್ಲಿ 1 ಲಕ್ಷ 80 ಸಾವಿರದಷ್ಟು ಕಪ್ಪು ಸೈನಿಕರು, ತುಂಬಾ ಜನ ಆಗಷ್ಟೇ ಗುಲಾಮಗಿರಿಯಿಂದ ಹೊರಬಂದವರು. ಯುದ್ಧ ಮುಗಿಯಿತು, ಮನೆಗೆ ಹೋಗಿ ಅಂದರು. ಕೈ ಹೋದವರು, ಕಾಲು ಹೋದವರು, ಜೈಲು ಶಿಬಿರಗಳಲ್ಲಿ ಹೊಟ್ಟೆ ಕೆಡಿಸಿಕೊಂಡು ಜೀವನಪೂರ್ತಿ ನರಳಿದವರು, ರಾತ್ರಿ ನಿದ್ದೆ ಬರದವರು. ಆಗ ಸಾಮಾಜಿಕ ಭದ್ರತೆ ಅನ್ನೋ ವ್ಯವಸ್ಥೆ ಇರಲಿಲ್ಲ. 1862ರ ಪೆನ್ಷನ್ ಕಾನೂನು ಇತ್ತು ನಿಜ, ಆದರೆ ಅಂಗವಿಕಲತೆ ಸೈನ್ಯದ ಸೇವೆಯಿಂದಲೇ ಬಂದದ್ದು ಅಂತ ಸಾಬೀತು ಮಾಡಬೇಕು. ಹತ್ತು ವರ್ಷ ಆದ ಮೇಲೆ ಹಾಳಾದ ಶ್ವಾಸಕೋಶಕ್ಕೆ ಸಾಕ್ಷಿ ಎಲ್ಲಿಂದ ತರೋದು?

ಇಲಿನಾಯ್ ರಾಜ್ಯದ ಒಂದು ಪದಾತಿ ರೆಜಿಮೆಂಟಿನಲ್ಲಿ ಡಾಕ್ಟರಾಗಿದ್ದ ಬೆಂಜಮಿನ್ ಸ್ಟೀಫನ್‌ಸನ್ 1866ರ ಏಪ್ರಿಲ್ 6ರಂದು ಡಿಕೇಟರ್ ಊರಲ್ಲಿ ಮೊದಲ ಘಟಕ ಶುರು ಮಾಡಿದ. ಊರ ಮಟ್ಟದ ಘಟಕಕ್ಕೆ ಪೋಸ್ಟ್ ಅಂತ ಹೆಸರು (ನಾವು ದಿನಾ ಹಾಕೋ ಪೋಸ್ಟ್ ಅಲ್ಲ, ಸೈನ್ಯದ ಠಾಣೆ ಅನ್ನೋ ಅರ್ಥದ್ದು). ರಾಜ್ಯ ಮಟ್ಟದಲ್ಲಿ ಡಿಪಾರ್ಟ್‌ಮೆಂಟ್. ವರ್ಷಕ್ಕೊಮ್ಮೆ ದೇಶದ ಎಲ್ಲರೂ ಸೇರುವ ಸಮ್ಮೇಳನಕ್ಕೆ ‘ಬಿಡಾರ’ ಅಂತಲೇ ಹೆಸರು. ಪ್ರತಿ ಪೋಸ್ಟಿಗೂ ಸಾಮಾನ್ಯವಾಗಿ ಸತ್ತುಹೋದ ಒಬ್ಬ ಸಂಗಾತಿಯ ಹೆಸರು. ಹೊಸಬ ಅರ್ಜಿ ಹಾಕಿದರೆ ಬಿಳಿ-ಕಪ್ಪು ಗೋಲಿ ಹಾಕಿ ಮತ ಎಣಿಸುತ್ತಿದ್ದರು. ಧ್ಯೇಯ ಮೂರೇ ಪದ: ಸೋದರತೆ, ದಾನ, ನಿಷ್ಠೆ.

ಶುರುವಿನಲ್ಲಿ ಎಡವಟ್ಟಾಯ್ತು. 1869ರಲ್ಲಿ ಸದಸ್ಯರಿಗೆ ಮೂರು ದರ್ಜೆ ಮಾಡಿ, ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗಬೇಕು ಅಂದರು. ಕಂದಕದಲ್ಲಿ ಪಕ್ಕಪಕ್ಕ ಮಲಗಿದವರಿಗೆ ಈ ದೊಡ್ಡವನು-ಚಿಕ್ಕವನು ಲೆಕ್ಕ ಹಿಡಿಸಲಿಲ್ಲ. ಎರಡು ವರ್ಷದಲ್ಲಿ ಅದನ್ನ ಕೈಬಿಟ್ಟರು, ಅಷ್ಟರಲ್ಲಿ ಸಂಘ ಅರ್ಧ ಸತ್ತಿತ್ತು. ಮತ್ತೆ ಚೇತರಿಸಿಕೊಂಡದ್ದು 1880ರ ದಶಕದಲ್ಲಿ. 1890ರ ಹೊತ್ತಿಗೆ ಸದಸ್ಯರ ಸಂಖ್ಯೆ 4 ಲಕ್ಷ ದಾಟಿತ್ತು.

(3/7)
ಸರಿ, ಮಾಡ್ತಿದ್ದದ್ದೇನು? ಮೆರವಣಿಗೆ, ಬ್ಯಾಂಡು, ಭಾಷಣ ಎಲ್ಲಾ ಇತ್ತು. ನನಗೆ ಮುಖ್ಯ ಅನ್ನಿಸೋದು ಬೇರೆ. ಪೋಸ್ಟುಗಳಲ್ಲಿ ಪರಿಹಾರ ನಿಧಿ ಇರುತ್ತಿತ್ತು. ಸಂಗಾತಿ ಹಾಸಿಗೆ ಹಿಡಿದರೆ ಸರದಿ ಮೇಲೆ ಹೋಗಿ ನೋಡಿಕೊಳ್ಳೋದು, ಚಳಿಗಾಲಕ್ಕೆ ವಿಧವೆಯ ಮನೆಗೆ ಕಲ್ಲಿದ್ದಲು, ದಿನಸಿ. ಸತ್ತರೆ ಅನಾಥ ಹೆಣ ಅಂತ ಬಡವರ ಗುಂಡಿಗೆ ಹಾಕಬಾರದು, ಸಂಗಾತಿಗಳೇ ಹೊತ್ತು ಮಣ್ಣು ಮಾಡಬೇಕು. ಇದು ಅವರಿಗೆ ತುಂಬಾ ದೊಡ್ಡ ವಿಷಯ. ಹೆಸರಿಲ್ಲದ ಗುಂಡಿಗಳಿಗೆ ಸ್ನೇಹಿತರನ್ನ ಹಾಕಿ ಬಂದವರು ಅವರು, ಅದಕ್ಕೇ ಇರಬೇಕು.

ಓಹಾಯೋ ರಾಜ್ಯದ ಜೀನಿಯಾದಲ್ಲಿ 1869ರಲ್ಲಿ ಸೈನಿಕರ ಅನಾಥ ಮಕ್ಕಳಿಗೆ ಒಂದು ಆಶ್ರಮ ಶುರು ಮಾಡಿದ್ದು ಇದೇ ಸಂಘ. ಮರುವರ್ಷವೇ ರಾಜ್ಯ ಸರ್ಕಾರ ಅದನ್ನು ವಹಿಸಿಕೊಂಡಿತು. 1887ರಲ್ಲಿ ವಿಸ್ಕಾನ್ಸಿನ್‌ನ ವಾಪಾಕಾ ಬಳಿ ಮುದಿ ಸೈನಿಕರಿಗೆ ಮನೆ ಕಟ್ಟಿದರು. ಅದರ ವಿಶೇಷ ಏನಂದ್ರೆ ಹೆಂಡತಿಯನ್ನೂ ಜೊತೆಗೆ ಇಟ್ಟುಕೊಳ್ಳಬಹುದಿತ್ತು. ಸರ್ಕಾರದ ಸೈನಿಕ ಗೃಹಗಳು ಗಂಡಸರಿಗೆ ಮಾತ್ರ. ನಲವತ್ತು ವರ್ಷ ಸಂಸಾರ ಮಾಡಿದ ಮುದುಕ ಅನ್ನಕ್ಕಾಗಿ ಮುದುಕಿಯನ್ನ ಬಿಟ್ಟು ಹೋಗಬೇಕಾ ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟದ್ದು ಈ ಮನೆ.

ಹೆಂಗಸರ ಪಾಲು ಇಲ್ಲದಿದ್ದರೆ ಇದರಲ್ಲಿ ಅರ್ಧವೂ ನಡೀತಿರಲಿಲ್ಲ. 1883ರಲ್ಲಿ ಡೆನ್ವರ್ ಸಮ್ಮೇಳನದ ಹೊತ್ತಿಗೆ ವಿಮೆನ್ಸ್ ರಿಲೀಫ್ ಕೋರ್ ಹುಟ್ಟಿತು. ದುಡ್ಡು ಎತ್ತಿದ್ದು, ಅಡುಗೆ ಮಾಡಿ ಬಡಿಸಿದ್ದು, ಮನೆಮನೆ ತಿರುಗಿದ್ದು ಇವರು. ಫೋಟೋದಲ್ಲಿ ಪದಕ ಹಾಕಿಕೊಂಡು ನಿಂತವರು ಅವರು. (ಆ ಪದಕದ ಕಂಚು ಶತ್ರುವಿಂದ ಕಿತ್ತುಕೊಂಡ ಫಿರಂಗಿಗಳದ್ದು. ಚೆನ್ನಾಗಿದೆ ಅಲ್ವಾ?)

(4/7)
ಅಮೆರಿಕದಲ್ಲಿ ಮೇ ತಿಂಗಳ ಕೊನೇ ಸೋಮವಾರ ಮೆಮೋರಿಯಲ್ ಡೇ ರಜೆ. ಅದರ ಬೇರು ಈ ಸಂಘದಲ್ಲಿದೆ. ಆಗ ಇದರ ಮುಖ್ಯಸ್ಥನಾಗಿದ್ದ ಜಾನ್ ಲೋಗನ್ 1868ರ ಮೇ 5ರಂದು ಒಂದು ಆದೇಶ ಹೊರಡಿಸಿದ: ಮೇ 30ರಂದು ಎಲ್ಲ ಪೋಸ್ಟುಗಳೂ ತಮ್ಮೂರಿನ ಸೈನಿಕರ ಸಮಾಧಿಗಳಿಗೆ ಹೂವು ಹಾಕಬೇಕು. ಡೆಕೊರೇಷನ್ ಡೇ ಅಂತ ಹೆಸರಾಯ್ತು. ಸೋಮವಾರಕ್ಕೆ ಬದಲಾದದ್ದು 1971ರಲ್ಲಿ.

ಆದರೆ ಲೋಗನ್ ಮೊದಲಿಗನಲ್ಲ. ಮೂರು ವರ್ಷ ಮುಂಚೆ, 1865ರ ಮೇ 1ರಂದು, ದಕ್ಷಿಣದ ಚಾರ್ಲ್ಸ್‌ಟನ್ ಊರಲ್ಲಿ ನಡೆದದ್ದನ್ನ ಕೇಳಿ. ಅಲ್ಲಿನ ಕುದುರೆ ರೇಸ್ ಮೈದಾನವನ್ನ ದಕ್ಷಿಣದವರು ಬಯಲು ಜೈಲು ಮಾಡಿಕೊಂಡಿದ್ದರು. ಅಲ್ಲಿ ಸತ್ತ 257 ಉತ್ತರದ ಸೈನಿಕರನ್ನ ಒಟ್ಟಿಗೆ ಗುಂಡಿಗೆ ಹಾಕಿದ್ದರು. ಊರು ಬಿಡುಗಡೆಯಾದ ಮೇಲೆ ಕಪ್ಪು ಕೆಲಸಗಾರರು ಆ ಹೆಣಗಳನ್ನ ತೆಗೆದು, ಒಂದೊಂದಕ್ಕೂ ಬೇರೆ ಗುಂಡಿ ತೋಡಿ ಮಣ್ಣು ಮಾಡಿದರು. ಸುತ್ತ ಬೇಲಿ ಹಾಕಿ ಕಮಾನು ಕಟ್ಟಿದರು. ಮೇ 1ರಂದು ಸುಮಾರು 10 ಸಾವಿರ ಜನ, ಹೆಚ್ಚಿನವರು ನಿನ್ನೆ ಮೊನ್ನೆವರೆಗೆ ಗುಲಾಮರಾಗಿದ್ದವರು, ಶಾಲೆ ಮಕ್ಕಳನ್ನ ಮುಂದಿಟ್ಟುಕೊಂಡು ಹೂ ಹಿಡಿದು ಹಾಡ್ತಾ ಬಂದರು. ಈ ದಿನವನ್ನ ಊರು ಪೂರ್ತಿ ಮರೆತೇಬಿಟ್ಟಿತ್ತು. ಇತಿಹಾಸಕಾರ ಡೇವಿಡ್ ಬ್ಲೈಟ್ ಹಳೇ ಕಾಗದಗಳಲ್ಲಿ ಇದನ್ನ ಕಂಡು ಮತ್ತೆ ಬೆಳಕಿಗೆ ತಂದರು. ರಜೆಯ ಹಿರಿಮೆ ತಮ್ಮೂರಿಗೇ ಸೇರಬೇಕು ಅಂತ ಅಮೆರಿಕದ ಎಷ್ಟೋ ಊರುಗಳು ಜಗಳ ಆಡ್ತವೆ. ನನ್ನ ಓಟು ಚಾರ್ಲ್ಸ್‌ಟನ್‌ಗೆ.

(5/7)
ಈಗ ಕಹಿ ಭಾಗ. ಈ ಸಂಘದ ಬಾಗಿಲು ಕಪ್ಪು ಸೈನಿಕರಿಗೂ ತೆರೆದಿತ್ತು. 19ನೇ ಶತಮಾನದ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ, ಬಹುತೇಕ ಸಂಘಗಳು ಅವರನ್ನ ಹೊಸ್ತಿಲಿಗೂ ಬಿಡುತ್ತಿರಲಿಲ್ಲ. ಉತ್ತರದ ಎಷ್ಟೋ ಊರುಗಳಲ್ಲಿ ಕಪ್ಪು, ಬಿಳಿ ಸೈನಿಕರು ಒಂದೇ ಪೋಸ್ಟಿನಲ್ಲಿ ಕೂತರು. ಬಾಸ್ಟನ್‌ನಂಥ ನಗರಗಳಲ್ಲಿ ಕಪ್ಪು ಸೈನಿಕರದ್ದೇ ಪೋಸ್ಟುಗಳೂ ಇದ್ದವು.

ದಕ್ಷಿಣದಲ್ಲಿ ಕಥೆ ಬೇರೆ. ಲೂಯಿಸಿಯಾನ ಮತ್ತು ಮಿಸಿಸಿಪಿ ಭಾಗದ ಬಿಳಿ ಪದಾಧಿಕಾರಿಗಳು ಕಪ್ಪು ಸದಸ್ಯರಿಗೆ ಪ್ರತ್ಯೇಕ ಡಿಪಾರ್ಟ್‌ಮೆಂಟ್ ಮಾಡಿ ಅಂತ ಹಟ ಹಿಡಿದರು. ವಿಷಯ 1891ರ ಡೆಟ್ರಾಯಿಟ್ ಸಮ್ಮೇಳನಕ್ಕೆ ಬಂತು. ಸಮ್ಮೇಳನ ಆಗಲ್ಲ ಅಂದಿತು. ಜೊತೆಗೆ ಗುಂಡು ತಿಂದವರನ್ನ ಮುದಿ ವಯಸ್ಸಲ್ಲಿ ಬೇರೆ ಕೂರಿಸೋದಕ್ಕೆ ಅಲ್ಲಿನ ಬಹುಮತ ಒಪ್ಪಲಿಲ್ಲ. ಹಾಗಂತ ಎಲ್ಲ ಸರಿಹೋಯ್ತಾ? ಇಲ್ಲ. ಠರಾವು ಕಾಗದದ ಮೇಲೆ ಉಳೀತು, ದಕ್ಷಿಣದ ಬಿಳಿ ಪೋಸ್ಟುಗಳು ತಮ್ಮ ಪಾಡಿಗೆ ತಾವಿದ್ದವು.

ಪೆನ್ಷನ್ ವಿಷಯದಲ್ಲಿ ಅನ್ಯಾಯ ಇನ್ನೂ ಸೂಕ್ಷ್ಮ. ಗುಲಾಮನಾಗಿ ಹುಟ್ಟಿದವನ ಹತ್ರ ಜನನ ದಾಖಲೆ ಎಲ್ಲಿಂದ ಬರಬೇಕು? ಸೈನ್ಯ ಸೇರುವಾಗ ಯಜಮಾನನ ಹೆಸರು, ಬಿಡುಗಡೆಯಾದ ಮೇಲೆ ತಾನೇ ಇಟ್ಟುಕೊಂಡ ಹೆಸರು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ, ಹಾಗಾಗಿ ಅವನ ವಿಧವೆ ‘ವಿಧವೆ’ ಅಂತ ತೋರಿಸೋಕೂ ಅಲೆಯಬೇಕು. ಇಂಥ ಕಡೆ ಕೆಲಸಕ್ಕೆ ಬಂದದ್ದು ಸಂಗಾತಿಗಳ ಪ್ರಮಾಣಪತ್ರ: ಹೌದು, ಇವನು ನಮ್ಮ ಜೊತೆ ಇದ್ದ, ಇವಳು ಇವನ ಹೆಂಡತಿ, ನಾನು ನೋಡಿದ್ದೇನೆ ಅಂತ ಬರೆದುಕೊಡೋದು.

(6/7)
ಪೆನ್ಷನ್ ಅಂದಮೇಲೆ ರಾಜಕೀಯಕ್ಕೆ ಬರಲೇಬೇಕು. 4 ಲಕ್ಷ ಸದಸ್ಯರು ಅಂದ್ರೆ 4 ಲಕ್ಷ ಓಟು, ಮನೆಯವರದ್ದು ಬೇರೆ. ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ 1887ರಲ್ಲಿ ಒಂದು ಪೆನ್ಷನ್ ಮಸೂದೆಗೆ ಅಂಕಿತ ಹಾಕದೆ ವಾಪಸ್ ಕಳಿಸಿದ. ಸಾಲದ್ದಕ್ಕೆ ದಕ್ಷಿಣದಿಂದ ವಶಪಡಿಸಿಕೊಂಡ ಬಾವುಟಗಳನ್ನ ಹಿಂದಿರುಗಿಸೋ ಪ್ರಸ್ತಾಪಕ್ಕೂ ಒಪ್ಪಿಗೆ ಕೊಟ್ಟು, ಗಲಾಟೆ ಆದ ಮೇಲೆ ಹಿಂದೆ ಸರಿದ. ಮುಂದಿನ ವರ್ಷದ ಚುನಾವಣೆಯಲ್ಲಿ ಸೋತ. ಗೆದ್ದ ಬೆಂಜಮಿನ್ ಹ್ಯಾರಿಸನ್ ಸ್ವತಃ ಈ ಸಂಘದ ಸದಸ್ಯ. 1890ರ ಕಾನೂನು ಬಂತು: 90 ದಿನ ಸೇವೆ ಮಾಡಿ ಗೌರವದಿಂದ ಬಿಡುಗಡೆಯಾಗಿ, ಈಗ ಮೈಮುರಿದು ದುಡಿಯೋಕೆ ಆಗದ ಸ್ಥಿತಿಯಲ್ಲಿದ್ದರೆ ಸಾಕು, ಕಾರಣ ಯುದ್ಧವೇ ಆಗಿರಬೇಕಿಲ್ಲ. ಕೆಲವೇ ವರ್ಷದಲ್ಲಿ ಕೇಂದ್ರ ಸರ್ಕಾರದ ಆದಾಯದಲ್ಲಿ ನೂರಕ್ಕೆ 40ರಷ್ಟು ಪೆನ್ಷನ್ನಿಗೇ ಹೋಗತೊಡಗಿತು.

ಲೂಟಿ ಅಂತ ಆಗಿನ ಪತ್ರಿಕೆಗಳು ಬೈದವು. ಸುಳ್ಳು ಅರ್ಜಿಗಳೂ ಇದ್ದವು, ಕಮಿಷನ್ ಹೊಡೆಯೋ ಏಜೆಂಟರೂ ಇದ್ದರು. ಅದೇ ಸಂಘ ಶಾಲೆಯ ಇತಿಹಾಸ ಪುಸ್ತಕಗಳಲ್ಲಿ ಏನಿರಬೇಕು ಅಂತಲೂ ಮೂಗು ತೂರಿಸುತ್ತಿತ್ತು. ಇಷ್ಟೆಲ್ಲ ಒಪ್ಪಿಕೊಂಡರೂ, ಕೂಲಿಗೆ ಮೈ ಬಗ್ಗದ ಮುದುಕನಿಗೆ ತಿಂಗಳಿಗೆ 6ರಿಂದ 12 ಡಾಲರ್ ಕೊಟ್ಟದ್ದನ್ನ ಲೂಟಿ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಒಂದು ಅರ್ಜಿಯ ಕಥೆ ಹೇಳಲೇಬೇಕು. ಫ್ರಾಂಕ್ಲಿನ್ ಥಾಂಪ್ಸನ್ ಅನ್ನೋ ಸೈನಿಕ 1861ರಲ್ಲಿ ಮಿಷಿಗನ್‌ನ 2ನೇ ರೆಜಿಮೆಂಟ್ ಸೇರಿದ. ಗಾಯಾಳುಗಳ ಆರೈಕೆ ಮಾಡಿದ, ಟಪಾಲು ಹೊತ್ತ. 1863ರಲ್ಲಿ ಮಲೇರಿಯಾ ಬಂತು. ಆಸ್ಪತ್ರೆಗೆ ಹೋಗದೆ ನಾಪತ್ತೆಯಾದ. ಓಡಿಹೋದವನು ಅಂತ ದಾಖಲಾಯಿತು. ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಅಂದ್ರೆ, ಫ್ರಾಂಕ್ಲಿನ್ ಥಾಂಪ್ಸನ್ ನಿಜಕ್ಕೂ ಸಾರಾ ಎಮ್ಮಾ ಎಡ್ಮಂಡ್ಸ್ ಅನ್ನೋ ಹೆಣ್ಣುಮಗಳು. ಎರಡು ದಶಕ ಆದಮೇಲೆ ಆಕೆ ತನ್ನ ಹೆಸರಿಗೆ ಅಂಟಿದ ಕಳಂಕ ತೊಳೆಯಬೇಕು ಅಂತ ಹಳೇ ಸಂಗಾತಿಗಳ ಮುಂದೆ ನಿಂತಳು. ಅವರು ನಗಲಿಲ್ಲ. ಇವನೇ, ಅಲ್ಲ ಇವಳೇ, ನಮ್ಮ ಫ್ರಾಂಕ್ ಅಂತ ಸಾಕ್ಷಿ ಬರೆದುಕೊಟ್ಟರು. 1884ರಲ್ಲಿ ಸಂಸತ್ತು ತಿಂಗಳಿಗೆ 12 ಡಾಲರ್ ಪೆನ್ಷನ್ ಮಂಜೂರು ಮಾಡಿತು. 1897ರಲ್ಲಿ ಹ್ಯೂಸ್ಟನ್‌ನ ಪೋಸ್ಟ್ ಆಕೆಯನ್ನ ಸದಸ್ಯೆಯಾಗಿ ಸೇರಿಸಿಕೊಂಡಿತು. ಮರುವರ್ಷ ತೀರಿಕೊಂಡಳು. 1901ರಲ್ಲಿ ಅವಳ ದೇಹವನ್ನ ಹ್ಯೂಸ್ಟನ್‌ಗೆ ತಂದು, ಸಂಘದ ಜಾಗದಲ್ಲಿ ಸೈನಿಕ ಗೌರವದೊಂದಿಗೆ ಮತ್ತೆ ಮಣ್ಣು ಮಾಡಿದರು.

(7/7)
1900 ಕಳೀತಿದ್ದ ಹಾಗೆ ಸಾಲು ಸಣ್ಣದಾಗ್ತಾ ಬಂತು. ಮೊದಲು ಮೈಲಿಗಟ್ಟಲೆ ನಡೆದವರು ಆಮೇಲೆ ಕಾರಲ್ಲಿ ಕೂತು ಕೈಬೀಸಿದರು. ಮೇ 30 ಆಟದ ದಿನವಾಗತೊಡಗಿತು. 1911ರಲ್ಲಿ ಇಂಡಿಯಾನಾಪೊಲಿಸ್‌ನ ಮೊದಲ 500 ಮೈಲಿ ಕಾರ್ ರೇಸ್ ನಡೆದದ್ದೂ ಅದೇ ದಿನ. 1949ರಲ್ಲಿ, ಅದೇ ಇಂಡಿಯಾನಾಪೊಲಿಸ್‌ನಲ್ಲಿ, ಸಂಘದ ಕೊನೆಯ ಸಮ್ಮೇಳನ. ಬದುಕಿದ್ದವರು 16 ಮಂದಿ. ಬಂದವರು 6.

ಕೊನೆಯವನು ಆಲ್ಬರ್ಟ್ ವೂಲ್ಸನ್. ಮಿನೆಸೋಟದ ಒಂದು ಫಿರಂಗಿ ರೆಜಿಮೆಂಟಿನಲ್ಲಿ ಡ್ರಮ್ ಬಾರಿಸುತ್ತಿದ್ದ ಹುಡುಗ, ಯುದ್ಧಭೂಮಿ ನೋಡಿದವನಲ್ಲ. 1956ರ ಆಗಸ್ಟ್ 2ರಂದು ಡುಲುತ್ ಊರಲ್ಲಿ ತೀರಿಕೊಂಡ. ನೂರು ದಾಟಿತ್ತು. ಅವನ ಜೊತೆಗೆ ಸಂಘವೂ ಮುಗಿಯಿತು, ನಿಯಮದ ಪ್ರಕಾರವೇ.

ನಾನು ಕೊನೆಗೆ ಇಟ್ಟುಕೊಂಡದ್ದು ಒಂದು ಕೋಣೆ. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಪಕ್ಕದಲ್ಲಿ ಕಾರ್ನೆಗಿ ಅನ್ನೋ ಪಟ್ಟಣ. ಅಲ್ಲಿನ 153ನೇ ಪೋಸ್ಟಿಗೆ ಯುದ್ಧದಲ್ಲಿ ಸತ್ತ ಕ್ಯಾಪ್ಟನ್ ಥಾಮಸ್ ಎಸ್ಪಿಯ ಹೆಸರು. 1906ರಲ್ಲಿ ಅವರು ಊರ ಲೈಬ್ರರಿಯ ಮಹಡಿಯಲ್ಲಿ ಒಂದು ಕೋಣೆ ಮಾಡಿಕೊಂಡರು. ಕುರ್ಚಿ, ಬಾವುಟ, ಯುದ್ಧಭೂಮಿಯಿಂದ ತಂದ ಗುಂಡು, ಮರದ ತುಂಡು. 1911ರಲ್ಲಿ ಅವನ್ನೆಲ್ಲ ಪಟ್ಟಿ ಮಾಡಿ ಬರೆದಿಟ್ಟರು. ತಿಂಗಳು ತಿಂಗಳು ಬಂದು ಕೂರ್ತಿದ್ದರು. 1930ರ ದಶಕದಲ್ಲಿ ಬರೋಕೆ ಯಾರೂ ಉಳಿಯಲಿಲ್ಲ. ಬಾಗಿಲಿಗೆ ಬೀಗ ಬಿತ್ತು. ಸುಮಾರು 50 ವರ್ಷ ಅದು ಹಾಗೇ ಇತ್ತು. ಸೂರು ಸೋರಿ ಗೋಡೆ ಹಾಳಾಯ್ತು, ಆದರೆ ಸಾಮಾನು ಯಾರೂ ಎತ್ತಿಕೊಂಡು ಹೋಗಿರಲಿಲ್ಲ. ರಿಪೇರಿ ಮಾಡುವಾಗ ಅವರ ಆ ಹಳೇ ಪಟ್ಟಿ ಕೈಗೆ ಸಿಕ್ಕಿದ್ದರಿಂದ ಯಾವ ವಸ್ತು ಯಾವುದು ಅಂತ ಗೊತ್ತಾಯ್ತು. 2010ರಲ್ಲಿ ಕೋಣೆ ಮತ್ತೆ ತೆರೆದರು. ಈಗ ಯಾರು ಬೇಕಾದರೂ ಹೋಗಿ ನೋಡಬಹುದು, ಕೆಳಗೆ ಮಕ್ಕಳು ಪುಸ್ತಕ ಓದ್ತಿರ್ತಾರೆ.

#ಇತಿಹಾಸ #ಮಾಜಿಸೈನಿಕರು #ಅಮೆರಿಕದಅಂತರ್ಯುದ್ಧ #ಕನ್ನಡದಲ್ಲಿಇತಿಹಾಸ