ಹಾಲಿನ ಪ್ರೋಟೀನಿನಲ್ಲಿ ಅಡಗಿರುವ ಯೀಸ್ಟ್ ನಾಶಕ: ಲ್ಯಾಕ್ಟೋಫೆರಿಸಿನ್

ಹಾಲು ಪೌಷ್ಟಿಕ ಆಹಾರವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಅದರ ಒಂದು ಪ್ರೋಟೀನು ಜಠರದಲ್ಲಿ ಜೀರ್ಣವಾಗುವಾಗ, ರೋಗ ತರುವ ಯೀಸ್ಟನ್ನು ಕೊಲ್ಲಬಲ್ಲ ತುಣುಕೊಂದು ಹೊರಬೀಳುತ್ತದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಲ್ಯಾಕ್ಟೋಫೆರಿಸಿನ್ ಎಂಬುದು ಆ ತುಣುಕಿನ ಹೆಸರು.

ಶತ್ರು ಯಾರು?

ಕ್ಯಾಂಡಿಡಾ ಅಲ್ಬಿಕಾನ್ಸ್ ಎಂಬ ಯೀಸ್ಟ್ ಆರೋಗ್ಯವಂತರ ಬಾಯಿ ಮತ್ತು ಕರುಳಿನಲ್ಲಿ ನಿರುಪದ್ರವಿಯಾಗಿ ವಾಸಿಸುತ್ತದೆ. ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ಬಾಯಿಯಲ್ಲಿ ಬಿಳಿಯ ಪದರವಾಗಿ ಕಾಣಿಸಿಕೊಳ್ಳುತ್ತದೆ. ರಕ್ತವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ 19 ಶಿಲೀಂಧ್ರಗಳ ಪಟ್ಟಿಯಲ್ಲಿ ಇದನ್ನು ಅತ್ಯಂತ ಅಪಾಯಕಾರಿ ಗುಂಪಿಗೆ ಸೇರಿಸಿದೆ. ಯೀಸ್ಟಿನ ಜೀವಕೋಶದ ರಚನೆ ಮಾನವ ಜೀವಕೋಶವನ್ನು ಬಹುವಾಗಿ ಹೋಲುವುದರಿಂದ, ನಮಗೆ ಹಾನಿಯಾಗದಂತೆ ಅದನ್ನಷ್ಟೇ ಕೊಲ್ಲುವ ಔಷಧಗಳು ಬೆರಳೆಣಿಕೆಯಷ್ಟೇ ಇವೆ. ಅವುಗಳಿಗೂ ಬಗ್ಗದ ತಳಿಗಳು ಹುಟ್ಟಿಕೊಂಡಿರುವುದು ವೈದ್ಯರ ಚಿಂತೆಗೆ ಕಾರಣವಾಗಿದೆ.

ಮೂಲ ಪ್ರೋಟೀನು

ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನನ್ನು ಹಸುವಿನ ಹಾಲಿನಲ್ಲಿ 1939ರಲ್ಲಿ ಗುರುತಿಸಲಾಯಿತು. ಕಣ್ಣೀರು ಮತ್ತು ಜೊಲ್ಲಿನಲ್ಲೂ ಅದು ಇದೆ. ತಾಯಿಯ ಮೊದಲ ಹಾಲಿನಲ್ಲಿ ಅದು ಲೀಟರಿಗೆ ಸುಮಾರು 5 ಗ್ರಾಮಿನಷ್ಟಿದ್ದರೆ, ಹಸುವಿನ ಸಾಮಾನ್ಯ ಹಾಲಿನಲ್ಲಿ ಅರ್ಧ ಗ್ರಾಮಿಗಿಂತಲೂ ಕಡಿಮೆ. ಗಿಣ್ಣದ ಹಾಲಿನಲ್ಲಿ ಅದರ ಪ್ರಮಾಣ ಅಧಿಕ. ಈ ಪ್ರೋಟೀನು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಸೂಕ್ಷ್ಮಜೀವಿಗಳನ್ನು ಉಪವಾಸ ಕೆಡವುತ್ತದೆ ಎಂದಷ್ಟೇ ಮೊದಲು ಭಾವಿಸಲಾಗಿತ್ತು.

1990ರ ದಶಕದ ಆರಂಭದಲ್ಲಿ ಜಪಾನಿನ ಮೊರಿನಾಗಾ ಹಾಲು ಕಂಪನಿಯ ವಿಜ್ಞಾನಿಗಳು ಈ ಪ್ರೋಟೀನನ್ನು ಜಠರದ ಪೆಪ್ಸಿನ್ ಕಿಣ್ವದಿಂದ ಕತ್ತರಿಸಿ ನೋಡಿದರು. ಆಗ ದೊರೆತ 25 ಅಮೈನೋ ಆಮ್ಲಗಳ ಪೆಪ್ಟೈಡಿಗೆ ಕಬ್ಬಿಣ ಹಿಡಿಯುವ ಗುಣವಿರಲಿಲ್ಲ. ಆದರೂ ಅದು ಮೂಲ ಪ್ರೋಟೀನಿಗಿಂತ ಪ್ರಬಲವಾಗಿತ್ತು. ಅದು ಕ್ಯಾಂಡಿಡಾವನ್ನು ಕೊಲ್ಲುತ್ತದೆಂದು 1993ರಲ್ಲಿ ಪ್ರಕಟವಾಯಿತು.

ಕೊಲ್ಲುವ ಬಗೆ

ಈ ಪೆಪ್ಟೈಡಿನ 25 ಅಮೈನೋ ಆಮ್ಲಗಳಲ್ಲಿ 8 ಧನ ವಿದ್ಯುದಂಶ ಹೊಂದಿವೆ. ಯೀಸ್ಟಿನ ಹೊರಗೋಡೆಯ ಫಾಸ್ಫೇಟುಗಳು ಹಾಗೂ ಪೊರೆಯ ಕೆಲವು ಕೊಬ್ಬಿನ ಅಣುಗಳು ಋಣ ವಿದ್ಯುದಂಶ ಹೊಂದಿವೆ. ಈ ವಿರುದ್ಧಗಳ ಆಕರ್ಷಣೆಯಿಂದ ಪೆಪ್ಟೈಡ್ ಯೀಸ್ಟಿಗೆ ಬೇಗನೆ ಅಂಟಿಕೊಳ್ಳುತ್ತದೆ. ಬಳಿಕ ಅದರಲ್ಲಿರುವ 2 ಟ್ರಿಪ್ಟೊಫಾನ್ ಘಟಕಗಳು ಪೊರೆಯ ಕೊಬ್ಬಿನೊಳಕ್ಕೆ ನಾಟಿಕೊಳ್ಳುತ್ತವೆ. ಪೊರೆ ಸಡಿಲಗೊಂಡು ಒಳಗಿನ ಲವಣಗಳೂ ಶಕ್ತಿ ಪೂರೈಸುವ ಅಣುಗಳೂ ಸೋರತೊಡಗಿ ಜೀವಕೋಶ ಸಾಯುತ್ತದೆ. ಮಾನವ ಜೀವಕೋಶದ ಪೊರೆಯ ಹೊರಮುಖದಲ್ಲಿರುವ ಕೊಬ್ಬಿನ ಅಣುಗಳು ಬಹುತೇಕ ತಟಸ್ಥವಾದುದರಿಂದ ಅದಕ್ಕೆ ಅಪಾಯ ಕಡಿಮೆ.

ಮಾನವ ಲ್ಯಾಕ್ಟೋಫೆರಿನ್ನಿನ ಮೊದಲ 11 ಅಮೈನೋ ಆಮ್ಲಗಳ ತುಣುಕು ಇದೇ ಜಾತಿಯದು. ಫ್ಲುಕೊನಜೋಲ್ ಔಷಧಕ್ಕೆ ಬಗ್ಗದ ಕ್ಯಾಂಡಿಡಾವನ್ನೂ ಅದು ಪ್ರಯೋಗಾಲಯದಲ್ಲಿ ಕೊಂದಿದೆ. ಹಸುವಿನ ಪ್ರೋಟೀನಿನಲ್ಲಿಯೇ ಇರುವ ಲ್ಯಾಕ್ಟೋಫೆರಾಂಪಿನ್ ಎಂಬ ಮತ್ತೊಂದು ತುಣುಕು 2004ರಲ್ಲಿ ಬೆಳಕಿಗೆ ಬಂದಿತು.

ಆಸ್ಪತ್ರೆಯಲ್ಲಿನ ಪರೀಕ್ಷೆ

ಅವಧಿಗೆ ಮುನ್ನ ಜನಿಸುವ ಶಿಶುಗಳಿಗೆ ಕ್ಯಾಂಡಿಡಾ ಸೋಂಕು ಮಾರಕವಾಗಬಲ್ಲದು. ಇಟಲಿಯ 11 ನವಜಾತ ಶಿಶು ಘಟಕಗಳಲ್ಲಿ 1500 ಗ್ರಾಮಿಗಿಂತ ಕಡಿಮೆ ತೂಕದ 472 ಶಿಶುಗಳ ಮೇಲೆ ಪರೀಕ್ಷೆಯೊಂದು ನಡೆಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧರಹಿತ ದ್ರಾವಣ ಪಡೆದವರಲ್ಲಿ ಶೇ. 7.7 ಮಂದಿಗೆ ತೀವ್ರ ಶಿಲೀಂಧ್ರ ಸೋಂಕು ತಗುಲಿದರೆ, ಹಸುವಿನ ಲ್ಯಾಕ್ಟೋಫೆರಿನ್ ಪಡೆದವರಲ್ಲಿ ಅದು ಶೇ. 0.7 ಮಾತ್ರ. ಆದರೆ ಬ್ರಿಟನ್ನಿನಲ್ಲಿ 2203 ಶಿಶುಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎಲ್ಲ ಬಗೆಯ ಸೋಂಕುಗಳನ್ನು ಒಟ್ಟಾಗಿ ಲೆಕ್ಕ ಹಾಕಿದಾಗ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ.

ಮಿತಿಗಳು

ಪ್ರಯೋಗಾಲಯದ ಗೆಲುವು ದೇಹದಲ್ಲಿ ಸುಲಭವಾಗಿ ದೊರೆಯದಿರಲು ಕಾರಣಗಳಿವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದ ಲವಣಗಳು ಹೆಚ್ಚಿರುವೆಡೆ ಪೆಪ್ಟೈಡಿನ ಹಿಡಿತ ಸಡಿಲವಾಗುತ್ತದೆ. ಕರುಳಿನ ಕಿಣ್ವಗಳು ಅದನ್ನು ಮತ್ತಷ್ಟು ಕತ್ತರಿಸುತ್ತವೆ. ಕುದಿಸಿದ ಹಾಲಿನಲ್ಲಿ ಲ್ಯಾಕ್ಟೋಫೆರಿನ್ ತನ್ನ ಸಹಜ ರಚನೆಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಹಾಗೆಂದು ಹಸಿಹಾಲು ಕುಡಿಯುವುದು ಪರಿಹಾರವಲ್ಲ. ಅದರಿಂದ ಬ್ರೂಸೆಲ್ಲೋಸಿಸ್‌ನಂತಹ ರೋಗಗಳು ಬರಬಹುದು. ಶಿಲೀಂಧ್ರ ಸೋಂಕಿಗೆ ವೈದ್ಯರು ಸೂಚಿಸಿದ ಔಷಧವೇ ಚಿಕಿತ್ಸೆ. ಲವಣಕ್ಕೂ ಕಿಣ್ವಕ್ಕೂ ಜಗ್ಗದ ಪೆಪ್ಟೈಡುಗಳನ್ನು ರೂಪಿಸುವುದು, ಅವುಗಳನ್ನು ಹಳೆಯ ಔಷಧಗಳ ಜೊತೆಗೂಡಿಸುವುದು ಈ ಕ್ಷೇತ್ರದ ಸಂಶೋಧಕರ ಮುಂದಿರುವ ಕೆಲಸ.