ಕೇಬಲ್ ಬಿಲ್ಲಿಗೂ ಚೀಟಿ ಬಂದ ಕಥೆ

ಗೋವಾದಲ್ಲಿ ಅಂಗಡಿ ಇಟ್ಟ ನಮ್ಮಂಥವರ ಮನೆಗಳಲ್ಲಿ ಕನ್ನಡ ಚಾನೆಲ್ ಬರುವುದು ಬಹುಕಾಲ ಕೇಬಲಿನವರ ಮರ್ಜಿಯಾಗಿತ್ತು. ಪ್ರತಿ ಸಾಮಾನಿನ ಬೆಲೆ ಬರೆದು ಚೀಟಿ ಕೊಡುತ್ತಿದ್ದ ನನ್ನ ತಂದೆ, ಕೇಬಲಿಗೆ ಮಾತ್ರ ಲೆಕ್ಕ ಕೇಳದೆ ಒಟ್ಟು ಮೊತ್ತ ಕೊಡುತ್ತಿದ್ದರು.

2012ರಿಂದ ದೇಶದಲ್ಲಿ ಹಂತಹಂತವಾಗಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಒಂದೊಂದು ಮನೆಗೆ ಬೇಕಾದ ಚಾನೆಲ್ ಮಾತ್ರ ಬಿಡುವುದು ಅದರಿಂದ ಸಾಧ್ಯವಾಯಿತು. 2019ರ ಫೆಬ್ರವರಿಯಲ್ಲಿ ಟ್ರಾಯ್ ನಿಯಮ ಜಾರಿಯಾಯಿತು: 100 ಚಾನೆಲ್‌ವರೆಗೆ ಸಂಪರ್ಕ ಶುಲ್ಕ ಗರಿಷ್ಠ 130 ರೂಪಾಯಿ, ತೆರಿಗೆ ಸೇರಿ 153.40. ಪಾವತಿ ಚಾನೆಲ್‌ಗಳಿಗೆ ಬೇರೆ ಬೆಲೆ.

2024ರಲ್ಲಿ ಶುಲ್ಕದ ಮಿತಿ ಹೋಯಿತು; ಬಿಡಿಯಾಗಿ ಆರಿಸುವ ಹಕ್ಕು ಉಳಿದಿದೆ. ಊರಿನ ಭಾಷೆಯ ಚಾನೆಲ್ ಬೇಕಾದವರು ಇಡೀ ಪ್ಯಾಕೇಜ್ ಹೊರಬೇಕಿಲ್ಲ. ಬಿಲ್ಲು ಬಿಡಿಸಿ ಕೇಳಿ.